ನೆಟ್ ಇಲ್ಲದ ಕಂಪ್ಯೂಟರ್: ಆಗ ಸುಲಭ, ಈಗ ತಯಾರಿ ಬೇಕು

ವಿಂಡೋಸ್ 98 ಇದ್ದ ಕಾಲದಲ್ಲಿ ನಾನು ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ) ಕೆಲಸಕ್ಕೆ ಇಳಿದೆ. ಕಂಪ್ಯೂಟರಿಗೆ ನೆಟ್ ಬೇಕು ಅಂತ ಆಗ ನಮಗೆ ಅನ್ನಿಸಿರಲೇ ಇಲ್ಲ. ಪುಟ ಜೋಡಿಸುವ ಪೇಜ್‌ಮೇಕರ್ ಸಿಡಿಯಲ್ಲಿ ಬರುತ್ತಿತ್ತು. ಕನ್ನಡ ಟೈಪ್ ಮಾಡುವ ಬರಹ, ನುಡಿ ಎರಡನ್ನೂ ಪರಿಚಯದವರ ಹತ್ತಿರ ಕಾಪಿ ಮಾಡಿಸಿಕೊಳ್ಳುತ್ತಿದ್ದೆವು. ಬೇರೆ ಸಾಫ್ಟ್‌ವೇರ್ ಬೇಕಿದ್ದರೆ ಕಂಪ್ಯೂಟರ್ ಮ್ಯಾಗಜಿನ್ ಜೊತೆ ಕೊಡುತ್ತಿದ್ದ ಸಿಡಿ. ಒಂದು ಸಲ ಹಾಕಿಕೊಂಡರೆ ಮುಗಿಯಿತು, ಅದು ಮತ್ತೆ ಏನನ್ನೂ ಕೇಳುತ್ತಿರಲಿಲ್ಲ.

ತಾಪತ್ರಯ ಇದ್ದದ್ದು ಫ್ಲಾಪಿಯದ್ದು. 1.44 ಎಂಬಿಯಲ್ಲಿ ಲಗ್ನಪತ್ರಿಕೆ ಹಿಡಿಯುತ್ತಿತ್ತು, ಫೋಟೊ ಸೇರಿದರೆ ಇಲ್ಲ. ಝಿಪ್ ಮಾಡಿ ಎರಡು ಮೂರು ಫ್ಲಾಪಿಗೆ ಹಂಚಬೇಕು. ಅದರಲ್ಲೊಂದು ಕೈಕೊಟ್ಟರೆ ಎಲ್ಲವೂ ಮೊದಲಿಂದ. ಪ್ರೆಸ್ಸಿನವರ ಹತ್ತಿರ ಅದೇ ಫಾಂಟ್ ಇಲ್ಲದಿದ್ದರೆ ವಧೂವರರ ಹೆಸರೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಅದಕ್ಕೇ ಫೈಲಿನ ಜೊತೆ ಫಾಂಟನ್ನೂ ಹಾಕಿ ಕಳಿಸುತ್ತಿದ್ದೆವು.

ಈಗಲೂ ನನ್ನ ಬರವಣಿಗೆಯ ಕಂಪ್ಯೂಟರಿಗೆ ನೆಟ್ ಕೊಟ್ಟಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕೊಟ್ಟರೂ ನಿಲ್ಲುವುದಿಲ್ಲ ಬಿಡಿ. ವಿಂಡೋಸ್ 11 ಹೋಮ್ ಹಾಕುವಾಗಲೇ ನೆಟ್ ಕೇಳುತ್ತದೆ, ಹಾಗಾಗಿ ಲಿನಕ್ಸಿನ ಒಂದು ಬಗೆಯಾದ ಡೆಬಿಯನ್ ಹಾಕಿದೆ. ಅದರಲ್ಲಿ ಕನ್ನಡ ಟೈಪಿಂಗಿನ ಕಗಪ ಕೀಲಿಮಣೆ ವಿನ್ಯಾಸ ಮೊದಲೇ ಇರುತ್ತದೆ, ಸೆಟ್ಟಿಂಗ್ಸಿನಲ್ಲಿ ಆರಿಸಿಕೊಂಡರೆ ಸಾಕು. ನುಡಿಯಲ್ಲಿ ಪಳಗಿದ ಕೈಗೆ ಹೊಸದೇನೂ ಅನ್ನಿಸುವುದಿಲ್ಲ. ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಕೇತ) ಆದ್ದರಿಂದ ಆ ಫಾಂಟಿನ ರಗಳೆಯೂ ಇಲ್ಲ.

ಹೊಸ ಪ್ಯಾಕೇಜ್ (ಡೆಬಿಯನ್ನಿನಲ್ಲಿ ಸಾಫ್ಟ್‌ವೇರ್ ಬರುವ ಕಟ್ಟು) ಬೇಕಾದರೆ ಆಪ್ಟ್-ಆಫ್‌ಲೈನ್ ಅನ್ನುವ ಸಾಫ್ಟ್‌ವೇರ್ ಬಳಸುತ್ತೇನೆ. ಏನೇನು ಬೇಕು ಅನ್ನುವುದರ ಪಟ್ಟಿಯನ್ನು ಅದು ಒಂದು ಸಣ್ಣ ಫೈಲಾಗಿ ಕೊಡುತ್ತದೆ. ಆ ಫೈಲನ್ನು ಪೆನ್‌ಡ್ರೈವಿನಲ್ಲಿ ನೆಟ್ ಇರುವ ಕಂಪ್ಯೂಟರಿಗೆ ಒಯ್ದು, ಡೌನ್‌ಲೋಡ್ ಮಾಡಿ, ತಂದು ಹಾಕುವುದು. ಬರವಣಿಗೆಗೆ ಬಳಸುವ ಲಿಬ್ರೆಆಫೀಸಿನ ಸಹಾಯದ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಳ್ಳಿ. ಇಲ್ಲದಿದ್ದರೆ ಎಫ್1 ಒತ್ತಿದಾಗ ಬ್ರೌಸರ್ ತೆರೆದು ಸುಮ್ನೆ ನಿಲ್ಲುತ್ತದೆ.

ನನಗೆ ಅತಿ ಜಾಸ್ತಿ ಉಪಯೋಗಕ್ಕೆ ಬಂದಿರುವುದು ಕಿವಿಕ್ಸ್, ವಿಕಿಪೀಡಿಯವನ್ನು ನೆಟ್ ಇಲ್ಲದೆ ಓದಿಸುವ ಸಾಫ್ಟ್‌ವೇರ್. ಇಡೀ ಕನ್ನಡ ವಿಕಿಪೀಡಿಯ ಅದು ಓದುವ ಝಿಮ್ ಅನ್ನುವ ಬಗೆಯ ಒಂದೇ ಫೈಲಾಗಿ ಸಿಗುತ್ತದೆ, ಸಾಧಾರಣ ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ. ಹುಡುಕುವುದೂ ನೆಟ್ ಇಲ್ಲದೆಯೇ ಆಗುತ್ತದೆ. ಚಿತ್ರಗಳಿರುವ ಇಂಗ್ಲಿಷಿನದು ಸುಮಾರು 100 ಜಿಬಿ, ಅದಕ್ಕೆ ಹಾರ್ಡ್‌ಡಿಸ್ಕೇ ಬೇಕು. ಡಿಸ್ಕಿನ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಒಂದೇ ಫೈಲು ಅದರಲ್ಲಿ ಕೂರುವುದಿಲ್ಲ. ಎಷ್ಟೇ ಜಾಗ ಖಾಲಿ ಇದ್ದರೂ ಅಷ್ಟೆ. ಮೊದಲೇ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ, ಆದರೆ ಅದರಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ.

ಗಡಿಯಾರದ ಮೇಲೂ ಒಂದು ಕಣ್ಣಿಡಬೇಕು. ನೆಟ್ ಇದ್ದರೆ ಸಮಯ ತಾನಾಗಿ ಸರಿಹೋಗುತ್ತದೆ, ಇಲ್ಲಿ ಹಾಗಲ್ಲ. ಮದರ್‌ಬೋರ್ಡಿನ ಸೆಲ್ ಸತ್ತರೆ ತಾರೀಖು ಹಿಂದಕ್ಕೆ ಹೋಗಿ, ಇವತ್ತು ಬರೆದ ಫೈಲು ಹಳೆಯದರ ಕೆಳಗೆ ಸೇರಿಕೊಂಡಿರುತ್ತದೆ. ಸೆಲ್ಲಿನ ಮೇಲೆ ಸಿಆರ್2032 ಅಂತ ಇದ್ದರೆ ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.