ಕಡಲ ತಳದ ಕೆಸರಿನ ವಯಸ್ಸು ಲೆಕ್ಕ ಹಾಕುವ ಬಗೆ

ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಪಶ್ಚಿಮಕ್ಕೆ, ತುಂಗೆ ಪೂರ್ವಕ್ಕೆ. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಮಣ್ಣು, ಅಣೆಕಟ್ಟುಗಳಲ್ಲಿ ಕೂರದೆ ಉಳಿದದ್ದು, ಹೀಗೆ ಎರಡು ಕಡಲಿಗೂ ಹೋಗುತ್ತದೆ. ರಜೆಗೆ ಬಂದಿದ್ದ ಅಣ್ಣನ ಮಗಳು ಜಗಲಿ ಮೇಲೆ ಕೂತು ಕೇಳಿದಳು: "ಚಿಕ್ಕಪ್ಪ, ತಳ ಸೇರಿದ ಮಣ್ಣಿಗೆ ಎಷ್ಟು ವಯಸ್ಸು ಅಂತ ಲ್ಯಾಬಲ್ಲಿ ಹೇಗೆ ಕಂಡುಹಿಡೀತಿದ್ದೆ?" ಅವಳು ಭೂವಿಜ್ಞಾನದ ಹುಡುಗಿ. ಅವಳಿಗೆ ಹೇಳಿದ್ದನ್ನೇ ಬರೆದಿದ್ದೇನೆ.

ಕಡಲ ತಳಕ್ಕೆ ಕೊಳವೆ ಇಳಿಸಿ ತೆಗೆದ ಕೆಸರಿನ ಕಂಬಕ್ಕೆ ಕೋರ್ ಅಂತಾರೆ. ಒಂದೂವರೆ ಮೀಟರಿನ ತುಂಡು ಮಾಡಿ ಉದ್ದಕ್ಕೆ ಸೀಳಿರುತ್ತಾರೆ. ನೀಲಿ ಮುಚ್ಚಳ ಇರುವುದು ಮೇಲಿನ ತುದಿ. ಮೊದಲು ಅದನ್ನು ನೋಡಿ. ತುಂಡು ತಲೆಕೆಳಗಾದರೆ ಎಲ್ಲಾ ಉಲ್ಟಾ.

ವಯಸ್ಸು ಹೇಳುವುದು ಎರಡು: ಕೆಸರಿನಲ್ಲಿರುವ ಚಿಪ್ಪು ಮತ್ತು ಕಾಂತ. ಯಾವ ಜೀವಿ ಯಾವಾಗ ಇಲ್ಲವಾಯಿತು ಅಂತ ಗೊತ್ತಿದ್ದರೆ ಅದರ ಚಿಪ್ಪು ಪದರದ ಕಾಲ ಹೇಳುತ್ತದೆ. ಚಿಪ್ಪಿನಿಂದ ಶುರು ಮಾಡಿ. ಚಮಚದಷ್ಟು ಕೆಸರು ನೆನೆಸಿ, 63 ಮೈಕ್ರಾನ್ ಜರಡಿಯಲ್ಲಿ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಉಜ್ಜಬೇಡಿ, ಚಿಪ್ಪು ಒಡೆಯುತ್ತದೆ. ಉಳಿದದ್ದನ್ನು 50 ಡಿಗ್ರಿ ಓವನ್‌ನಲ್ಲಿ ಒಣಗಿಸಿ. ಆಷಾಢದಲ್ಲಿ ನಮ್ಮೂರ ಗಾಳಿಗೆ ಇಟ್ಟರೆ ಒಣಗುವ ಬದಲು ಬೂಸ್ಟು ಬರುತ್ತದೆ. ಕೊನೆಗೆ ಸಿಗುವುದು ಫೊರಾಮಿನಿಫೆರಾ ಅನ್ನುವ ಏಕಕೋಶ ಕಡಲಜೀವಿಗಳ, ಗಸಗಸೆಗಿಂತ ಸಣ್ಣ ಚಿಪ್ಪುಗಳು.

ಒಮ್ಮೆ ಜರಡಿ ಸರಿಯಾಗಿ ತೊಳೆಯದೆ ಮೂರು ವಾರದ ಕೆಲಸ ಹಾಳು ಮಾಡಿಕೊಂಡೆ. ಮೇಲಿನ ಪದರದ ಚಿಪ್ಪು ಕೆಳಗಿನದರಲ್ಲಿ ಸೇರಿಕೊಂಡಿತ್ತು. ಅವತ್ತಿಂದ ಪ್ರತಿ ಸ್ಯಾಂಪಲ್ ಆದ ಮೇಲೂ ಜರಡಿಯನ್ನು ಮೆಥಿಲೀನ್ ಬ್ಲೂ ನೀರಲ್ಲಿ ಅದ್ದುತ್ತಿದ್ದೆ. ಸಂದಿಯಲ್ಲಿ ಉಳಿದ ಚಿಪ್ಪು ನೀಲಿಯಾಗುತ್ತದೆ. ಮುಂದಿನ ತಟ್ಟೆಯಲ್ಲಿ ನೀಲಿ ಕಂಡರೆ ಅದು ಲೆಕ್ಕಕ್ಕಿಲ್ಲ.

ಇದಕ್ಕಿಂತ ಸಣ್ಣವು ನ್ಯಾನೊಫಾಸಿಲ್‌ಗಳು, ಅಂದರೆ ಕಡಲ ಪಾಚಿಗಳ ಅತಿಸಣ್ಣ ಸುಣ್ಣದ ಪಳೆಯುಳಿಕೆಗಳು. ಅವಕ್ಕೆ ಹಲ್ಲುಕಡ್ಡಿ ತುದಿಯ ಕೆಸರು ಸಾಕು. ಗಾಜಿನ ಮೇಲೆ ಹನಿ ನೀರಲ್ಲಿ ಸವರಿ, ಒಣಗಿಸಿ, ಸಾವಿರ ಪಟ್ಟು ದೊಡ್ಡದು ಮಾಡಿ ನೋಡಬೇಕು.

ಇನ್ನು ಕಾಂತ. ಭೂಮಿಯ ಕಾಂತದ ಉತ್ತರ-ದಕ್ಷಿಣ ಹಿಂದೆ ಹಲವು ಸಲ ಅದಲುಬದಲಾಗಿದೆ; ಕೆಸರು ಕೂರುವಾಗ ಇದ್ದ ದಿಕ್ಕು ಅದರಲ್ಲಿ ಅಚ್ಚಾಗಿ ಉಳಿಯುತ್ತದೆ. ಅದನ್ನು ಓದಲು ಎರಡು ಸೆಂಟಿಮೀಟರಿನ ಪ್ಲಾಸ್ಟಿಕ್ ಡಬ್ಬಿಯನ್ನು ಕೋರ್‌ನ ನಡುಮಧ್ಯಕ್ಕೆ ಒತ್ತಿ. ಅಂಚಿನ ಕೆಸರನ್ನು ಕೊಳವೆ ಎಳೆದಿರುತ್ತದೆ, ಅದು ಬೇಡ. ಡಬ್ಬಿ ಮೇಲೆ ಬಾಣದ ಗುರುತು ಮರೆಯಬೇಡಿ. ಕೊರೆಯುವ ಉಕ್ಕಿನಿಂದ ಅಂಟಿದ ಕಾಂತವನ್ನು ಹಂತಹಂತವಾಗಿ ಅಳಿಸಿದ ಮೇಲೆ ಹಳೆಯದು ಓದಲು ಸಿಗುತ್ತದೆ.

ಆದರೆ ಕಾಂತ ಆಡುವುದು ಎರಡೇ ಮಾತು: ಈಗಿನಂತೆ, ಇಲ್ಲವೇ ತಿರುಗುಮುರುಗು. ಯಾವ ಸಲದ ತಿರುವು ಅಂತ ಅದು ಹೇಳುವುದಿಲ್ಲ. ಉದಾಹರಣೆಗೆ, ಮೇಲಿಂದ 7.7 ಮೀಟರ್‌ವರೆಗೆ ಈಗಿನಂತಿದೆ, ಆಮೇಲೆ ತಿರುಗಿದೆ ಅನ್ನಿ. ಇದು ಕಾಂತ ಕೊನೆಯ ಸಲ ತಿರುಗಿದ ಬ್ರೂನ್ಸ್-ಮಾತುಯಾಮ ಗಡಿ, ಸುಮಾರು 7.73 ಲಕ್ಷ ವರ್ಷ ಹಿಂದಿನದು. ಸಾವಿರ ವರ್ಷಕ್ಕೆ ಒಂದು ಸೆಂಟಿಮೀಟರ್ ಕೆಸರು ಕೂತಂತಾಯಿತು. ಕೆಳಗೆ 11.5 ಮೀಟರಿನಲ್ಲಿ ಮತ್ತೆ ಸ್ವಲ್ಪ ದೂರ ಈಗಿನಂತಿದೆ. ಹಿಂದೆ ಕಾಂತ ಈಗಿನಂತಿದ್ದ ಕಾಲಗಳಲ್ಲಿ ಇದು ಯಾವುದು? ಸುಮಾರು 10 ಲಕ್ಷ ವರ್ಷ ಹಿಂದಿನ ಹರಾಮಿಯೊನಾ, 17.7ರಿಂದ 19.5 ಲಕ್ಷ ವರ್ಷ ಹಿಂದಿನ ಓಲ್ಡುವಾಯಾ? ಅದೇ ವೇಗದಲ್ಲಿ 11.5 ಲಕ್ಷ ವರ್ಷ ಆಗುತ್ತದೆ. ಲೆಕ್ಕ ಎರಡಕ್ಕೂ ಕೂರಲ್ಲ, ಅಲ್ವಾ?

ಇಲ್ಲಿ ನ್ಯಾನೊಫಾಸಿಲ್ ಸವರಿದ ಗಾಜು ನೋಡಿ. ಅವುಗಳಲ್ಲಿ ನಕ್ಷತ್ರದಂಥ ಡಿಸ್ಕೊಆಸ್ಟರ್ ಸುಮಾರು 19 ಲಕ್ಷ ವರ್ಷದ ಹಿಂದೆ ಪೂರ್ತಿ ಇಲ್ಲವಾಯಿತು. 11.5 ಮೀಟರಿನ ಆ ಪದರದ ತಳಭಾಗದಲ್ಲಿ ಅದು ಕಂಡರೆ ಓಲ್ಡುವಾಯ್. ಅಂದರೆ ನಡುವಿನ ಲಕ್ಷಾಂತರ ವರ್ಷದ ಕೆಸರು ಕೊಚ್ಚಿಹೋಗಿದೆ, ಇಲ್ಲವೇ ತುಂಬಾ ನಿಧಾನವಾಗಿ ಕೂತಿದೆ.

ಒಂದೇ ನಕ್ಷತ್ರ ಕಂಡ ಖುಷಿಗೆ ತೀರ್ಪು ಕೊಡಬೇಡಿ. ಕಡಲೊಳಗಿನ ಮಣ್ಣಿನ ಕುಸಿತ ಹಳೆ ಚಿಪ್ಪನ್ನು ತಂದು ಹೊಸ ಪದರದಲ್ಲಿ ಹಾಕಿರುತ್ತದೆ. ಕೆಳಗಿನ ನಾಲ್ಕೈದು ಸ್ಯಾಂಪಲ್‌ನಲ್ಲೂ ಬಿಡದೆ, ಜಾಸ್ತಿ ಜಾಸ್ತಿಯಾಗಿ ಸಿಗಬೇಕು.