ಕಡಿಮೆ ದುಡ್ಡಿನಲ್ಲಿ ಮನೆ ತಂಪಾಗಬೇಕಾ? ಮೊದಲು ತಾರಸಿ ಹತ್ತಿ

ಏಪ್ರಿಲ್ ತಿಂಗಳಲ್ಲಿ ರಾತ್ರಿ ಹತ್ತು ಗಂಟೆಗೆ ಫ್ಯಾನ್ ಆಫ್ ಮಾಡಿ, ಸ್ಟೂಲ್ ಹತ್ತಿ ಸೀಲಿಂಗ್ ಮುಟ್ಟಿ ನೋಡಿ. ಇನ್ನೂ ಬೆಚ್ಚಗಿರುತ್ತದೆ. ಹಗಲೆಲ್ಲ ಕಾದ ಆರ್‌ಸಿಸಿ (ಕಾಂಕ್ರೀಟ್) ತಾರಸಿ ಆ ಬಿಸಿಯನ್ನು ರಾತ್ರಿ ಕೋಣೆಯೊಳಗೆ ಬಿಡುತ್ತದೆ. ಇದನ್ನು ಬಿಟ್ಟು ಕೈಯಲ್ಲಿದ್ದ ದುಡ್ಡನ್ನೆಲ್ಲ ಫಾಲ್ಸ್ ಸೀಲಿಂಗ್‌ಗೆ ಸುರಿದು, ಆಮೇಲೂ ಸೆಕೆ ತಡೆಯಲಾರದೆ ಕಂತಿನಲ್ಲಿ ಎಸಿ ತಂದವರನ್ನು ಮೈಸೂರಿನಲ್ಲೂ ಮಂಡ್ಯದಲ್ಲೂ ನೋಡಿದ್ದೇನೆ. ಬಿಸಿಲನ್ನು ಹೊರಗೇ ತಡೆಯಬೇಕು, ಒಳಗೆ ಬಂದ ಮೇಲೆ ಅಲ್ಲ.

ಕೆಲಸಕ್ಕೆ ಮುಂಚೆ ಒಂದು ವರ್ಷದ ಕರೆಂಟ್ ಬಿಲ್ ಹರಡಿಕೊಂಡು ಕೂರಿ. ಮಾರ್ಚ್‌ನಿಂದ ಮೇವರೆಗೆ ಯೂನಿಟ್ ಏರಿದ್ದರೆ ಸೆಕೆಯ ಖರ್ಚು, ಡಿಸೆಂಬರ್, ಜನವರಿಯಲ್ಲಿ ಏರಿದ್ದರೆ ಗೀಸರ್‌ನದ್ದು. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಇದೆಯಲ್ಲ ಅಂತ ಸುಮ್ಮನಿರಬೇಡಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನೀವೇ ಕಟ್ಟಬೇಕು.

ಈಗ ತಾರಸಿ. ಬಿಳಿ ತಾರಸಿ ಬಿಸಿಲನ್ನು ವಾಪಸ್ ಕಳಿಸುತ್ತದೆ, ಅದಕ್ಕೆ ಸುಣ್ಣವೇ ಸಾಕು. ಆದರೆ ಹೆಚ್ಚಿನವರು ಕೆಡಿಸಿಕೊಳ್ಳುವುದೂ ಇಲ್ಲೇ. ಮಂಡ್ಯದ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಪೇಂಟರ್ ಒಬ್ಬರು ಧೂಳಿನ ಮೇಲೇ ಬಳಿದು ಹೋದರು. ವಾರ ಕಳೆದು ತಾರಸಿಗೆ ಹೋದರೆ ಅಂಗಾಲೆಲ್ಲ ಬೆಳ್ಳಗೆ! ಯುಗಾದಿ ಹೊತ್ತಿನ ಮಳೆಗೆ ಉಳಿದಿದ್ದೂ ತೊಳೆದು ಪೈಪಿನಲ್ಲಿ ಇಳಿದು ಸಂಪಿಗೆ ಸೇರಿತು. ಪಾಪ, ಸಂಪ್ ಖಾಲಿ ಮಾಡಿಸುವ ಖರ್ಚು ಬೇರೆ.

ಶಿವರಾತ್ರಿ ಆಸುಪಾಸಿನಲ್ಲಿ, ಮಳೆ ಸೂಚನೆ ಇಲ್ಲದ ನಾಲ್ಕೈದು ದಿನ ನೋಡಿಕೊಂಡು ಶುರು ಮಾಡಿ. ಮಳೆ ನೀರಿನ ಪೈಪ್ ಸಂಪಿಗೆ ಹೋಗುತ್ತಿದ್ದರೆ ಮೊದಲು ಬೇರೆ ಕಡೆ ತಿರುಗಿಸಿ. ಪಾಚಿಯನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ಗುಡಿಸಿ, ತೊಳೆದು ಒಣಗಲು ಬಿಡಿ. ಒಣಗಿದ ಮೇಲೆ ಅಂಗೈ ಉಜ್ಜಿ ನೋಡಿ, ಧೂಳು ಹತ್ತಿದರೆ ಇನ್ನೊಮ್ಮೆ ತೊಳೆಯಲೇಬೇಕು, ಇದರಲ್ಲಿ ಸೋಮಾರಿತನ ಮಾಡಿದರೆ ಮುಂದಿನದ್ದೆಲ್ಲ ದಂಡ. ಬಿರುಕು ಇದ್ದರೆ ಸ್ವಲ್ಪ ಅಗಲ ಕೆತ್ತಿ, ಪುಡಿ ತೆಗೆದು, ಕ್ರ್ಯಾಕ್ ಫಿಲ್ಲರ್ ತುಂಬಿ. ಸುಣ್ಣ ಸೋರಿಕೆ ನಿಲ್ಲಿಸುವುದಿಲ್ಲ.

ಸುಣ್ಣದ ಕಲ್ಲು ತಂದರೆ ಹುಷಾರು. ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಕೊತಕೊತ ಕುದ್ದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಕನ್ನಡಕ, ಗ್ಲೌಸ್ ಹಾಕಿಕೊಳ್ಳಿ, ಪ್ಲಾಸ್ಟಿಕ್ ಬಕೆಟ್ ಬೇಡ, ಮಕ್ಕಳನ್ನು ಹತ್ತಿರ ಬಿಡಬೇಡಿ. ಎರಡು ದಿನ ನೆನೆಸಿ, ಹಳೇ ಪಂಚೆಯಲ್ಲಿ ಸೋಸಿ. ಆಮೇಲೆ ಸುಣ್ಣಕ್ಕೆ ಬೆರೆಸುವ ಗೋಂದನ್ನು ಡಬ್ಬದ ಮೇಲೆ ಬರೆದ ಅಳತೆಯಲ್ಲೇ ಬೆರೆಸಿ. ಇಷ್ಟೆಲ್ಲ ಆಗದಿದ್ದರೆ ಚೀಲದಲ್ಲಿ ಬರುವ ಸುಣ್ಣದ ಪುಡಿ ತನ್ನಿ, ತಪ್ಪೇನಿಲ್ಲ. ಹೆಸರೂ ವಿವರವೂ ಇಲ್ಲದ ‘ಹೀಟ್ ಪ್ರೂಫ್’ ಪೇಂಟ್ ಮಾತ್ರ ಬೇಡ.

ಹದ ಹಾಲಿನಷ್ಟು ತೆಳ್ಳಗಿರಲಿ. ಒಂದೇ ಸಲ ದಪ್ಪಗೆ ಬಳಿದರೆ ಚಕ್ಕೆ ಏಳುತ್ತದೆ. ಸಂಜೆ ಬಿಸಿಲಿಳಿದ ಮೇಲೆ ತಾರಸಿಗೆ ನೀರು ಚಿಮುಕಿಸಿ, ತೇವ ಇರುವಾಗಲೇ ಮೊದಲ ಕೋಟ್ ಹೊಡೆಯಿರಿ. ಮಾರನೇ ಸಂಜೆ ಅಡ್ಡಡ್ಡ ಎರಡನೆಯದು, ಮತ್ತೊಂದು ಸಂಜೆ ಮೂರನೆಯದು. ಕಾದ ತಾರಸಿ ನೀರನ್ನು ಹೀರಿಬಿಡುತ್ತದೆ, ಸುಣ್ಣ ಗಟ್ಟಿಯಾಗದೆ ಪುಡಿಯಾಗಿಯೇ ಉಳಿಯುತ್ತದೆ, ಅದಕ್ಕೇ ಮಧ್ಯಾಹ್ನ ಬೇಡ ಅನ್ನುವುದು. ವರ್ಷಕ್ಕೊಮ್ಮೆ ಒಂದು ಕೋಟ್ ಕೊಡುತ್ತಿರಿ.

ಪಶ್ಚಿಮದ ಕಿಟಕಿಗೆ ಹೊರಗಡೆ ಬಿದಿರಿನ ಚಿಕ್ ಪರದೆ ಇಳಿಬಿಡಿ, ಒಳಗಿನ ಪರದೆಯಿಂದ ಅಷ್ಟು ಪ್ರಯೋಜನವಿಲ್ಲ.

ದುಡ್ಡು ಉಳಿದರೆ ಫ್ಯಾನ್. ಹಳೇ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ, ಕಡಿಮೆ ಕರೆಂಟಿನ ಮೋಟಾರ್ ಇರುವ ಬಿಎಲ್‌ಡಿಸಿ ಫ್ಯಾನ್‌ಗೆ 30 ಸಾಕು. ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಎಲೆಕ್ಟ್ರಿಷಿಯನ್‌ಗೆ ಹೇಳಿ ಹಳೇ ರೆಗ್ಯುಲೇಟರ್ ತೆಗೆಸಿ ನೇರ ಕನೆಕ್ಷನ್ ಕೊಡಿಸಿ, ಇಲ್ಲದಿದ್ದರೆ ಫ್ಯಾನ್ ಹಾಳಾಗಬಹುದು. ಮನೆಯ ಎಲ್ಲ ಫ್ಯಾನ್ ಒಟ್ಟಿಗೆ ಬದಲಿಸಬೇಕಿಲ್ಲ. ರಾತ್ರಿಯಿಡೀ ತಿರುಗುವ ಮಲಗುವ ಕೋಣೆಯದ್ದು ಈ ವರ್ಷ ಆಗಲಿ, ಹಾಲ್‌ನದ್ದು ಮುಂದಿನ ವರ್ಷ ನೋಡಿಕೊಳ್ಳಿ.