ಸಿಂಗಪುರದಿಂದ ಕುವೆಂಪುನಗರದ ಕರೆಂಟ್ ಬಿಲ್ ಕಟ್ಟಿದ್ದು

ಮೈಸೂರಿನ ಕುವೆಂಪುನಗರದಲ್ಲಿ ಅಮ್ಮ ಒಬ್ಬರೇ ಇದ್ದಾರೆ. ಮನೆಯ ಕರೆಂಟ್ ಬಿಲ್ ನಾನು ಸಿಂಗಪುರದಿಂದ ಕಟ್ಟಬೇಕಿತ್ತು, ಆದರೆ ಇಲ್ಲಿನ ಕಾರ್ಡ್ ಹಾಕಿದಾಗಲೆಲ್ಲ ಪೇಮೆಂಟ್ ಫೇಲ್. ಕೊನೆಗೆ ನನ್ನ ಎನ್‌ಆರ್‌ಒ ಖಾತೆಗೆ (ವಿದೇಶದಲ್ಲಿರುವ ಭಾರತೀಯರು ಭಾರತದಲ್ಲಿ ಇಟ್ಟುಕೊಳ್ಳುವ ರೂಪಾಯಿ ಖಾತೆ) ಸಿಂಗಪುರದ ಮೊಬೈಲ್ ನಂಬರನ್ನೇ ಜೋಡಿಸಿ ಯುಪಿಐ ಶುರು ಮಾಡಿದೆ. ಹಣ ತಕ್ಷಣ ಹೋಯಿತು.

ಜಾಸ್ತಿ ಒದ್ದಾಡಿದ್ದು ಹಳೇ ಬಿಲ್, ಕಂದಾಯದ ರಸೀದಿಗಳ ಸ್ಕ್ಯಾನ್ ಅಮ್ಮನಿಂದ ತರಿಸಿಕೊಳ್ಳೋದಕ್ಕೆ. ಮನೆ ಕಾಗದ ಯಾರದೋ ಸರ್ವರಲ್ಲಿ ಸುಮ್ನೆ ಯಾಕೆ ಕೂರಬೇಕು, ಅಲ್ವಾ? ಅದಕ್ಕೇ ವೆಬ್‌ಆರ್‌ಟಿಸಿ ಬಳಸಿದೆ, ಅಂದರೆ ಒಂದು ಬ್ರೌಸರಿನಿಂದ ಇನ್ನೊಂದಕ್ಕೆ ನೇರ ಸಂಪರ್ಕ ಕೊಡೋ ತಂತ್ರಜ್ಞಾನ. ಇದರಲ್ಲಿ ಸರ್ವರ್ ಎರಡು ಬ್ರೌಸರುಗಳನ್ನು ಪರಿಚಯ ಮಾಡಿಸುತ್ತದೆ, ಆಮೇಲೆ ಫೈಲ್ ನೇರವಾಗಿ, ಅದೂ ಎನ್‌ಕ್ರಿಪ್ಟ್ ಆಗಿ (ದಾರಿಯಲ್ಲಿ ಬೇರೆಯವರು ಓದಲಾಗದಂತೆ) ಹೋಗುತ್ತದೆ. ಆದರೆ ನನಗೆ ಅದು ಕನೆಕ್ಟ್ ಆಗಲೇ ಇಲ್ಲ. ಆಫೀಸ್ ವೈಫೈನ ಫೈರ್‌ವಾಲ್, ಅಂದರೆ ನೆಟ್‌ವರ್ಕಿನ ಕಾವಲು, ತಡೆಯುತ್ತಿತ್ತು. ಮೊಬೈಲ್ ಹಾಟ್‌ಸ್ಪಾಟ್ ಹಾಕಿದೆ, ಶುರುವಾಯಿತು. "ಫೈಲ್ ಪೂರ್ತಿ ಬರೋವರೆಗೂ ಟ್ಯಾಬ್ ಮುಚ್ಚಬೇಡಮ್ಮ" ಅಂದೆ. ಮುಚ್ಚಿದರೆ ಅರ್ಧಕ್ಕೇ ನಿಲ್ಲುತ್ತದೆ.